ಮಗಳಿಗೆ ಮಹಿಳಾ ಕಾಲೇಜೇ ಬೇಕಂತೆ, ನನಗೇ ಮನಸ್ಸಿಲ್ಲ

ಬೆಟಗೇರಿ ಅವ್ವ

ಎಲ್ಲರಿಗೂ ನಮಸ್ಕಾರ. ಈ ಚರ್ಚಾ ತಾಣದಲ್ಲಿ ಸಾಮಾನ್ಯವಾಗಿ ಇದರ ಉಲ್ಟಾ ಪ್ರಶ್ನೆ ಬರುತ್ತದೆ. ಮನೆಯವರು ಮಹಿಳಾ ಕಾಲೇಜಿಗೇ ಹೋಗು ಅಂತಾರೆ, ಹುಡುಗಿ ಒಲ್ಲೆ ಅಂತಾಳೆ. ನಮ್ಮ ಮನೆಯಲ್ಲಿ ಹಟ ಹಿಡಿದು ಕೂತವಳು ಮಗಳು. ಬೇಡ ಅನ್ನುತ್ತಿರುವವಳು ನಾನು.

ಈ ವರ್ಷ ಸೆಕೆಂಡ್ ಪಿಯು ಸೈನ್ಸ್ ಮುಗಿಸಿದ್ದಾಳೆ. 88 ಪರ್ಸೆಂಟ್. ನೀಟ್, ಸಿಇಟಿ ಕಡೆ ಮನಸ್ಸಿಲ್ಲ. ಬಿಎಸ್ಸಿ, ಆಮೇಲೆ ಕೆಮಿಸ್ಟ್ರಿಯಲ್ಲಿ ಎಂಎಸ್ಸಿ ಅಂತ ಎಸೆಸೆಲ್ಸಿಯಿಂದಲೂ ಹೇಳುತ್ತಾ ಬಂದಿದ್ದಾಳೆ. ಅದಕ್ಕೆ ನಮ್ಮ ತಕರಾರಿಲ್ಲ. ಇಲ್ಲಿಯವರೆಗೆ ಗದಗಿನಲ್ಲಿ ಹುಡುಗರು, ಹುಡುಗಿಯರು ಕೂಡಿ ಓದುವ ಕಾಲೇಜಿನಲ್ಲೇ ಓದಿದವಳು. ಈಗ ಹುಬ್ಬಳ್ಳಿಯ ಒಂದು ಮಹಿಳಾ ಕಾಲೇಜೇ ಆಗಬೇಕು ಅಂತಾಳೆ. ಯಾಕೆ ಅಂತ ಕೇಳಿದರೆ "ಸುಮ್ನೆ. ನನಗ ಅದೇ ಸೇರ್ತದ" ಅಂತಾಳೆ. ಅಷ್ಟೇ ಉತ್ತರ.

ನನ್ನ ಕಥೆ ಹೇಳಿಬಿಡುತ್ತೇನೆ. ನಾನು ಪಿಯುದಿಂದ ಹಿಡಿದು 2001ರಲ್ಲಿ ಬಿಕಾಂ ಮುಗಿಸುವವರೆಗೆ ಐದು ವರ್ಷ ಹುಡುಗಿಯರ ಕಾಲೇಜಿನಲ್ಲೇ ಓದಿದವಳು. ಕಾಲೇಜು ಚಲೋ ಇತ್ತು, ಗೆಳತಿಯರು ಚಲೋ ಇದ್ದರು, ಸುಳ್ಳು ಹೇಳುವುದಿಲ್ಲ. ಡಿಗ್ರಿ ಮುಗಿಸಿ ಒಂದು ಪತ್ತಿನ ಸಂಘದ ಕೌಂಟರಿಗೆ ಕೂತೆ. ಎರಡನೇ ವಾರವೇ ಒಬ್ಬ ಸದಸ್ಯ ಪಾಸ್‌ಬುಕ್ ಒಗೆದು ಜೋರು ಮಾಡಿದ. ತಪ್ಪು ಅವನದೇ ಇತ್ತು. ನಾನು ಎದ್ದು ಒಳಗೆ ಹೋಗಿ ಲೆಡ್ಜರ್ ಕಪಾಟಿನ ಹಿಂದೆ ನಿಂತುಬಿಟ್ಟೆ. ಅಪ್ಪ, ಕಾಕಾ, ಮಾಮಾ ಬಿಟ್ಟು ಬೇರೆ ಗಂಡಸರ ಜೊತೆ ಕೂತು ಮಾತಾಡಿಯೇ ಇರಲಿಲ್ಲ, ಜಗಳ ಹೇಗೆ ಮಾಡಲಿ? ಆ ಕಪಾಟಿನ ಹಿಂದಿನಿಂದ ಹೊರಗೆ ಬರಲು ನನಗೆ ಎರಡು ವರ್ಷ ಹಿಡಿಯಿತು. ಮಗಳಿಗೆ ಅದು ಬೇಡ.

ಮಗಳ ಅಪ್ಪ "ಹುಡುಗಿ ಹೇಳಿದ್ದಕ್ಕೆ ಹೂಂ ಅನ್ನು, ನಮಗೂ ನಿಶ್ಚಿಂತೆ" ಅಂತ ಹೇಳಿ ಪಾರಾದರು. ಅಲ್ಲಿ ಓದಿದವರು, ಮಕ್ಕಳನ್ನು ಓದಿಸಿದವರು ಏನು ಅಂತೀರಿ?

ಎರಡನೇ ಬೆಂಚು

ಅಕ್ಕಾರ, ನಾನು ಹಾವೇರಿ ಜಿಲ್ಲೆಯವಳು, ಕೋ-ಎಜುಕೇಶನ್ ಕಾಲೇಜಿನಲ್ಲಿ ಓದಿದವಳು. ಮೂರು ವರ್ಷದಲ್ಲಿ ಹುಡುಗರ ಜೊತೆ ಮಾತಾಡಿದ್ದು ಇಪ್ಪತ್ತು ವಾಕ್ಯ ಇದ್ದರೆ ಹೆಚ್ಚು. ಎಡಗಡೆ ನಮ್ಮ ಬೆಂಚು, ಬಲಗಡೆ ಅವರದು. ಕಾರಿಡಾರಿನಲ್ಲಿ ನಿಂತು ನೋಟ್ಸ್ ಕೇಳಿದರೂ ಸಂಜೆಯ ಬಸ್ಸು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿರುತ್ತಿತ್ತು. ಆಮೇಲೆ ಬ್ಯಾಂಕಿಗೆ ಸೇರಿದೆ. ನನಗೂ ಕೌಂಟರಿನಲ್ಲಿ ಕೈ ನಡುಗಿತು. ನಿಮ್ಮದು ಕಪಾಟು, ನನ್ನದು ಬಾತ್‌ರೂಮು, ಅಷ್ಟೇ ಫರಕು.

ಹುಡುಗರು ಅದೇ ಕೋಣೆಯಲ್ಲಿ ಕೂತ ಮಾತ್ರಕ್ಕೆ ಧೈರ್ಯ ಬರುವುದಿಲ್ಲ ಅಂತ ಹೇಳಿದೆ.

ಬ್ಯಾಡಗಿ ಕಡ್ಡಿ

ನಾನು ಎರಡು ಹೆಣ್ಣುಮಕ್ಕಳ ಅಪ್ಪ. ಮಗಳು ತಾನಾಗಿಯೇ ಮಹಿಳಾ ಕಾಲೇಜು ಅಂದರೆ ಪುಣ್ಯ ಅಂದುಕೊಳ್ಳಿ ತಾಯಿ. 2024ರಲ್ಲಿ ಹುಬ್ಬಳ್ಳಿಯಲ್ಲಿ ಕಾಲೇಜಿನ ಆವರಣದೊಳಗೇ ಹುಡುಗಿಯ ಜೀವ ಹೋಯಿತು. ಅದಾದ ಮೇಲೆ ನಮ್ಮ ಓಣಿಯಲ್ಲಿ ಹೆಣ್ಣುಮಕ್ಕಳನ್ನು ಹುಬ್ಬಳ್ಳಿಗೆ ಕಳಿಸುವುದು ಬೇಕೋ ಬೇಡವೋ ಅಂತ ಕಟ್ಟೆ ಮೇಲೆ ಪಂಚಾಯ್ತಿಯೇ ನಡೆಯಿತು. ನನ್ನ ದೊಡ್ಡವಳನ್ನು ಮಹಿಳಾ ಕಾಲೇಜಿಗೇ ಹಾಕಿದೆ. ಈಗ ರಾತ್ರಿ ನಿದ್ದೆ ಬರುತ್ತದೆ.

ಸಪ್ತಾಪುರ ಪಿಜಿ

ಕಾಕಾ, ನಿಮ್ಮ ಭಯ ಸುಳ್ಳಲ್ಲ. ನಮ್ಮ ಮನೆಯಲ್ಲೂ ಆ ವಾರ ದಿನಕ್ಕೆ ಆರು ಸಲ ಫೋನ್ ಬರುತ್ತಿತ್ತು. ಆದರೆ ಒಂದು ಲೆಕ್ಕ ಹಾಕಿ. ನಾನು ಮೊದಲ ವರ್ಷ ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ಓಡಾಡಿದೆ. ಕಾಲೇಜಿನೊಳಗೆ ಆರು ತಾಸು, ದಾರಿಯಲ್ಲಿ ಮೂರು ತಾಸು. ನನಗೆ ಕಿರಿಕಿರಿ ಆಗಿದ್ದೆಲ್ಲ ಆ ಮೂರು ತಾಸಿನಲ್ಲಿ. ಬಸ್ ಸ್ಟ್ಯಾಂಡಿನಲ್ಲಿ, ಬಾಗಿಲ ಹತ್ತಿರದ ಗದ್ದಲದಲ್ಲಿ, ಹಿಂದೆ ಹಿಂದೆ ಬರುವ ಬೈಕಿನಲ್ಲಿ. ಕಾಲೇಜಿನ ಬೋರ್ಡಿನ ಮೇಲೆ ಮಹಿಳಾ ಅಂತ ಬರೆದಿದ್ದರೆ ಬಸ್ಸೇನು ಮಹಿಳಾ ಬಸ್ ಆಗುವುದಿಲ್ಲ ಅಲ್ವಾ?

ಇನ್ನೊಂದು. ಮಹಿಳಾ ಕಾಲೇಜು ಜೊತೆಗೆ ಅದರದೇ ಹಾಸ್ಟೆಲ್ ಅಂತಾದರೆ ಗೇಟು ಎಷ್ಟಕ್ಕೆ ಹಾಕುತ್ತಾರೆ ಅಂತ ಕೇಳಿಕೊಂಡು ಬನ್ನಿ. ನನ್ನ ಗೆಳತಿಯದು ಸಂಜೆ ಆರಕ್ಕೆ. ಆರೂ ಐದಕ್ಕೆ ಬಂದರೆ ಮನೆಗೆ ಫೋನು. ನಾನು ಎರಡನೇ ವರ್ಷ ಧಾರವಾಡಕ್ಕೆ ಬಂದು ಇಲ್ಲಿ ಸಪ್ತಾಪುರದಲ್ಲಿ ಪಿಜಿ ಹಿಡಿದೆ. ರಾತ್ರಿ ಒಂಬತ್ತರವರೆಗೆ ಓದುವ ಕೋಣೆಯಲ್ಲಿ ಕೂರುತ್ತೇನೆ. ಬೀದಿ ತುಂಬ ಪರೀಕ್ಷೆಗೆ ಓದುವವರೇ ಇರುತ್ತಾರೆ, ಭಯ ಅನ್ನಿಸುವುದಿಲ್ಲ. ಅಂದ ಹಾಗೆ ಗಿರಮಿಟ್ ಮಾತ್ರ ಹುಬ್ಬಳ್ಳಿಯದೇ ಚಲೋ, ಧಾರವಾಡದವರು ಸಿಟ್ಟಾದರೂ ಪರವಾಗಿಲ್ಲ.

ಹೊಸೂರ ಕ್ರಾಸ್

ಗಿರಮಿಟ್ ವಿಷಯಕ್ಕೆ ಬೇರೆ ಚರ್ಚೆ ತೆರೆಯಿರಿ, ಅಲ್ಲಿ ಬಂದು ಜಗಳ ಆಡುತ್ತೇನೆ.

ಬೆಟಗೇರಿ ಅಕ್ಕಾರ, ಒಂದು ವಿಷಯ ಯಾರೂ ಹೇಳಿಲ್ಲ. ಡಿಗ್ರಿ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಬರುತ್ತದೆ ಅಂತ ನೋಡಿದ್ದೀರಾ? ನೀವು ಓದುವಾಗ ನಿಮ್ಮ ಮಹಿಳಾ ಕಾಲೇಜು ಕೂಡ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೇ ಸೇರಿದ್ದಿರಬೇಕು. 2003ರಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ ಆಯಿತು. 2017ರಲ್ಲಿ ಅದಕ್ಕೆ ಅಕ್ಕಮಹಾದೇವಿ ಹೆಸರು ಬಂತು. ಅದು ಆದ ಮೇಲೆ ನಮ್ಮ ಕಡೆಯ ಮಹಿಳಾ ಕಾಲೇಜುಗಳು ಅದರ ಕೆಳಗೆ ಹೋದವು. ಒಂದೇ ರಸ್ತೆಯ ಎರಡು ಕಾಲೇಜು, ಒಂದರ ಮಾರ್ಕ್ಸ್ ಕಾರ್ಡ್ ಧಾರವಾಡದ್ದು, ಇನ್ನೊಂದರದು ವಿಜಯಪುರದ್ದು. ಸಿಲಬಸ್ ಬೇರೆ, ಪರೀಕ್ಷೆ ದಿನ ಬೇರೆ, ರಿಸಲ್ಟ್ ಬೇರೆ. ಮುಂದೆ ಕೆಲಸ ಕೊಡುವವರು ಮೂಗು ಮುರಿದರೆ?

ಎರಡನೇ ಬೆಂಚು

ಹೊಸೂರ ಕ್ರಾಸ್ ಅವರೇ, ಮೂಗು ಮುರಿಯುತ್ತಾರೆ ಅನ್ನುವುದು ಕಟ್ಟೆ ಮಾತು. ಅದೂ ಸರ್ಕಾರಿ ವಿಶ್ವವಿದ್ಯಾಲಯವೇ. ಬ್ಯಾಂಕ್ ಪರೀಕ್ಷೆಗೆ, ಕೆಪಿಎಸ್‌ಸಿಗೆ, ಬಿಎಡ್‌ಗೆ ಡಿಗ್ರಿ ಡಿಗ್ರಿಯೇ. ನನ್ನ ಪಕ್ಕದ ಕೌಂಟರಿನವಳು ಅಲ್ಲಿಯದೇ ಡಿಗ್ರಿ ತಂದವಳು. ಸಾಲದ ಫೈಲು ನನಗಿಂತ ಬೇಗ ಮುಗಿಸುತ್ತಾಳೆ.

ಆದರೆ ಈ ಹುಡುಗಿಗೆ ಎಂಎಸ್ಸಿ ಬೇಕು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಮಾಡುವ ಆಸೆ ಇದ್ದರೆ, ಬೇರೆ ವಿಶ್ವವಿದ್ಯಾಲಯದಿಂದ ಬಂದವರಿಗೆ ಸೀಟು ಹೇಗೆ ಕೊಡುತ್ತಾರೆ ಅಂತ ಅದರ ಕ್ಯಾಂಪಸ್ ಇರುವ ಪಾವಟೆ ನಗರಕ್ಕೇ ಹೋಗಿ ಈಗಲೇ ಕೇಳಿಕೊಳ್ಳುವುದು ಒಳ್ಳೆಯದು. ಮೂರು ವರ್ಷ ಆದಮೇಲೆ ಕೇಳಿದರೆ ಏನು ಉಪಯೋಗ?

ಮೂರು ವರ್ಷ ಅಂದದ್ದಕ್ಕೆ ನೆನಪಾಯಿತು. ನಾಲ್ಕು ವರ್ಷದ ಡಿಗ್ರಿ ಅಂತ 2021ರಲ್ಲಿ ಶುರು ಮಾಡಿದ್ದನ್ನು ನಮ್ಮ ರಾಜ್ಯದಲ್ಲಿ 2024-25ರಿಂದ ಮತ್ತೆ ಮೂರಕ್ಕೆ ಇಳಿಸಿದ್ದಾರೆ. ಹಳೆಯ ವಿಡಿಯೋ ನೋಡಿ ಗೊಂದಲ ಮಾಡಿಕೊಳ್ಳಬೇಡಿ.

ನಿಶ್ಚಿಂತ ನಿವಾಸ

ಇಷ್ಟೊಂದು ತಲೆ ಯಾಕೆ ಕೆಡಿಸಿಕೊಳ್ಳುತ್ತೀರಿ? ಮಹಿಳಾ ಕಾಲೇಜು ಅಂದರೆ ಮದುವೆ ಬಯೋಡೇಟಾದಲ್ಲಿ ಚೆನ್ನಾಗಿ ಕಾಣುತ್ತದೆ. ಹುಡುಗನ ಕಡೆಯವರು ಮೊದಲು ಅದನ್ನೇ ನೋಡುತ್ತಾರೆ.

ಸಪ್ತಾಪುರ ಪಿಜಿ

ಹೌದ್ರೀ, ಕೆಮಿಸ್ಟ್ರಿ ಎಂಎಸ್ಸಿ ಮಾಡುವುದೇ ಗಂಡು ಹುಡುಕಲಿಕ್ಕೆ ಅಲ್ವಾ. ಮಾರ್ಕ್ಸ್ ಕಾರ್ಡ್ ಜೊತೆ ಕುಂಡಲಿಯನ್ನೂ ಕಾಲೇಜಿನವರೇ ಕೊಡಲಿ.

ನಿರ್ವಾಹಕರು

ಬಯೋಡೇಟಾ ಮೇಲಿನ ಹದಿನೇಳು ಉತ್ತರ ತೆಗೆದಿದ್ದೇವೆ. ಹುಡುಗಿಯ ಓದಿನ ಬಗ್ಗೆ ಬರೆಯಿರಿ.

ಸವಣೂರು ಎಲೆ

ನಾನು ಹೇಳುವುದು ಸ್ವಲ್ಪ ಬೇರೆ. ನೀವೆಲ್ಲ ಎರಡು ಬಾಗಿಲು ತೆರೆದಿಟ್ಟುಕೊಂಡು ಯಾವುದರಲ್ಲಿ ಹೋಗಲಿ ಅಂತ ಕೇಳುತ್ತಿದ್ದೀರಿ. ನಮ್ಮ ಮನೆಯಲ್ಲಿ ಅಕ್ಕನಿಗೆ ಪಿಯು ಆದಮೇಲೆ ಓದು ನಿಂತಿತು. ಅವಳು ನನಗಿಂತ ಶಾಣ್ಯಾ. ನನ್ನ ಪಾಳಿ ಬಂದಾಗ ನಾನು ಕೋ-ಎಜುಕೇಶನ್ ಮಾತೇ ಎತ್ತಲಿಲ್ಲ. ಮಹಿಳಾ ಕಾಲೇಜು ಅಂದೆ, ಅಬ್ಬಾಜಾನ್ ಒಂದು ರಾತ್ರಿ ಯೋಚಿಸಿ ಹೂಂ ಅಂದರು. ಆ ಬೋರ್ಡು ನನಗೆ ಗೇಟ್ ಪಾಸ್ ಇದ್ದ ಹಾಗೆ. ಒಳಗೆ ಹೋದಮೇಲೆ ಎನ್‌ಎಸ್‌ಎಸ್ ಕ್ಯಾಂಪಿಗೆ ಹೋದೆ, ಇಂಗ್ಲಿಷ್ ಚರ್ಚಾ ಸ್ಪರ್ಧೆಗೆ ಧಾರವಾಡಕ್ಕೆ ಹೋದೆ, ಕಾಲೇಜು ಯೂನಿಯನ್ನಿಗೆ ಕಾರ್ಯದರ್ಶಿ ಆದೆ. ಕೋ-ಎಜುಕೇಶನ್ ಕಾಲೇಜಿನಲ್ಲಿ ಓದಿದ ನನ್ನ ಗೆಳತಿಯನ್ನು ಕೇಳಿದರೆ, ಅಲ್ಲಿ ಹುಡುಗಿಯರಿಗೆ ಯಾವಾಗಲೂ ಜಂಟಿ ಕಾರ್ಯದರ್ಶಿ, ರಂಗೋಲಿ, ಸ್ವಾಗತ ಗೀತೆ. ನಮ್ಮಲ್ಲಿ ಮೈಕ್ ಸೆಟ್ ಜೋಡಿಸುವವರೂ ನಾವೇ, ಖುರ್ಚಿ ಹೊರುವವರೂ ನಾವೇ, ಲೆಕ್ಕ ತಪ್ಪಿ ಬೈಸಿಕೊಳ್ಳುವವರೂ ನಾವೇ.

ಬೆಟಗೇರಿ ಅಕ್ಕಾ, ನೀವು ಕೌಂಟರಿನಲ್ಲಿ ಹೆದರಿದ್ದು ಕಾಲೇಜಿನಿಂದಲೋ, ಅದಕ್ಕೂ ಮುಂಚಿನದ್ದೋ? ಬೇಜಾರು ಮಾಡಿಕೊಳ್ಳಬೇಡಿ, ನನ್ನನ್ನೂ ನಾನು ಕೇಳಿಕೊಂಡ ಪ್ರಶ್ನೆ ಇದು.

ಪಿಪೆಟ್ ಮೇಷ್ಟ್ರು

ನಾನು ಮೂವತ್ತೊಂದು ವರ್ಷ ಕೆಮಿಸ್ಟ್ರಿ ಕಲಿಸಿ ನಿವೃತ್ತನಾದವನು. ಅದರಲ್ಲಿ ಒಂಬತ್ತು ವರ್ಷ ಮಹಿಳಾ ಕಾಲೇಜು, ಉಳಿದದ್ದು ಕೋ-ಎಜುಕೇಶನ್. ಎರಡೂ ಕಡೆ ಉಪ್ಪು ತಿಂದವನು, ಹಾಗಾಗಿ ಎರಡೂ ಕಡೆಯವರು ಬೈಯಬಹುದು.

ಮಹಿಳಾ ಕಾಲೇಜು ಅನ್ನುವುದು ಹುಡುಗಿಯರನ್ನು ಮನೆಯಿಂದ ಹೊರಗೆ ತರಲು ಹೂಡಿದ ಉಪಾಯ. ಸಮಾಜ ಸುಧಾರಕ ಕರ್ವೆಯವರು ಪುಣೆಯಲ್ಲಿ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದ್ದು 1916ರಲ್ಲಿ. ಮರುವರ್ಷ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾಯಿತು. ಸವಣೂರಿನ ತಂಗಿ ಹೇಳಿದ ಗೇಟ್ ಪಾಸ್ ನೂರು ವರ್ಷ ಹಳೆಯದು, ಇನ್ನೂ ಚಾಲ್ತಿಯಲ್ಲಿದೆ. ಇರಲಿ, ಮುದುಕರಿಗೆ ಇತಿಹಾಸ ಜಾಸ್ತಿ.

ನಾನು ಲ್ಯಾಬಿನಲ್ಲಿ ಕಂಡದ್ದು ಹೇಳುತ್ತೇನೆ. ಕೋ-ಎಜುಕೇಶನ್ ಬ್ಯಾಚಿನಲ್ಲಿ ಟೈಟ್ರೇಶನ್ (ದ್ರಾವಣವನ್ನು ಹನಿ ಹನಿ ಬಿಟ್ಟು ಅಳೆಯುವ ಪ್ರಯೋಗ) ಕೊಟ್ಟರೆ, ಮೂವರ ಗುಂಪಿನಲ್ಲಿ ಒಬ್ಬ ಹುಡುಗನಿದ್ದರೂ ಬ್ಯುರೆಟ್, ಅಂದರೆ ಕೆಳಗೆ ನಲ್ಲಿ ಇರುವ ಅಳತೆಯ ಗಾಜಿನ ಕೊಳವೆ, ಅವನ ಕೈಗೆ ಹೋಗುತ್ತಿತ್ತು. ಯಾರೂ ಕಸಿದುಕೊಳ್ಳುತ್ತಿರಲಿಲ್ಲ, ಜಗಳವಿಲ್ಲ, ಸುಮ್ಮನೆ ಹೋಗುತ್ತಿತ್ತು. ಹುಡುಗಿ ರೀಡಿಂಗ್ ಬರೆಯುತ್ತಿದ್ದಳು. ವರ್ಷದ ಕೊನೆಗೆ ಅವಳ ರೆಕಾರ್ಡ್ ಮುತ್ತಿನ ಹಾಗೆ ಇರುತ್ತಿತ್ತು, ಕೈಗೆ ಮಾತ್ರ ಕೆಲಸ ಬಂದಿರುತ್ತಿರಲಿಲ್ಲ. ನಾನೂ ಹತ್ತು ವರ್ಷ ಇದನ್ನು ಗಮನಿಸಲೇ ಇಲ್ಲ ಅನ್ನುವುದು ನನ್ನ ತಪ್ಪು. ಮಹಿಳಾ ಕಾಲೇಜಿಗೆ ವರ್ಗವಾದ ಮೇಲೆ ಕಣ್ಣಿಗೆ ಬಿತ್ತು. ಅಲ್ಲಿ ಬೇರೆ ಯಾರೂ ಇಲ್ಲ, ಅವರೇ ಹಿಡಿಯಬೇಕು. ಮೊದಲ ತಿಂಗಳು ಆಸಿಡ್ ಬಾಟಲಿ ಎತ್ತಲು ಹೆದರಿದವರು ಮಾರ್ಚಿನ ಹೊತ್ತಿಗೆ ನನಗೇ ಎಂಡ್ ಪಾಯಿಂಟ್ (ಬಣ್ಣ ಬದಲಾಗುವ ಘಟ್ಟ) ದಾಟಿತು ಸರ್ ಅಂತ ಹೇಳುತ್ತಿದ್ದರು.

ಹಾಗಂತ ಮಹಿಳಾ ಕಾಲೇಜಿಗೆ ಕಣ್ಣು ಮುಚ್ಚಿ ಸೇರಿಸಿ ಅನ್ನುತ್ತಿಲ್ಲ. ಲ್ಯಾಬಿನಲ್ಲಿ ಆರು ಹುಡುಗಿಯರಿಗೆ ಒಂದು ಬ್ಯುರೆಟ್ ಇದ್ದರೆ ಅಲ್ಲಿಯೂ ಐವರು ರೀಡಿಂಗ್ ಬರೆಯುವವರೇ. ಹೋಗಿ ನೋಡಿ. ಬ್ಯುರೆಟ್ಟಿಗೆ ಎಷ್ಟು ಜನ ಅಂತ ಕೇಳಿ. ಕೆಮಿಸ್ಟ್ರಿಗೆ ಕಾಯಂ ಉಪನ್ಯಾಸಕರು ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು ಅಂತ ಕೇಳಿ. ಅತಿಥಿಗಳು ಕೆಟ್ಟದಾಗಿ ಕಲಿಸುತ್ತಾರೆ ಅಂತಲ್ಲ, ಅವರ ನೇಮಕ ತಡವಾದರೆ ಮೊದಲ ಎರಡು ತಿಂಗಳು ಪಾಠವೇ ಇರುವುದಿಲ್ಲ. ಫಿಸಿಕ್ಸ್, ಮ್ಯಾಥ್ಸ್ ಜೊತೆ ಅವಳಿಗೆ ಬೇಕಾದ ಜೋಡಿ ಇದೆಯೋ ನೋಡಿ. ಚಿಕ್ಕ ಕಾಲೇಜುಗಳಲ್ಲಿ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಇದ್ದರೆ ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝೂಆಲಜಿ) ಇರುವುದಿಲ್ಲ, ಅದಿದ್ದರೆ ಇದಿಲ್ಲ. ಪ್ರಾಕ್ಟಿಕಲ್ ಮಧ್ಯಾಹ್ನ ಇದ್ದರೆ ಮುಗಿಯುವುದು ಎಷ್ಟಕ್ಕೆ, ಗದಗಿನ ಬಸ್ಸು ಎಷ್ಟಕ್ಕೆ, ಅದನ್ನೂ ಕೂಡಿಸಿ ಕಳೆದು ನೋಡಿ.

ಇಷ್ಟೆಲ್ಲ ಮಾಡುವ ಮೊದಲು ಒಂದು ಕೆಲಸ. ಪಿಯು ಲ್ಯಾಬಿನಲ್ಲಿ ಬ್ಯುರೆಟ್ ಯಾರು ಹಿಡಿಯುತ್ತಿದ್ದರು ಅಂತ ಮಗಳನ್ನು ಕೇಳಿ.

ಬ್ಯಾಡಗಿ ಕಡ್ಡಿ

ಮೇಷ್ಟ್ರೇ, ನಾನು ನನ್ನ ಮಗಳನ್ನು ಇದನ್ನು ಕೇಳಿಯೇ ಇರಲಿಲ್ಲ. ಕಾಲೇಜು ಹೇಗಿದೆ ಅಂದರೆ ಚಲೋ ಇದೆ ಅಂತಾಳೆ, ನಾನು ಫೋನ್ ಇಡುತ್ತೇನೆ. ಇವತ್ತು ರಾತ್ರಿ ಕೇಳುತ್ತೇನೆ. ಅವಳದು ಬಿಕಾಂ, ಬ್ಯುರೆಟ್ ಇಲ್ಲ. ಕಂಪ್ಯೂಟರ್ ಲ್ಯಾಬಿಗೂ ಇದೇ ಲೆಕ್ಕ ಅಲ್ವಾ, ಒಂದು ಮೌಸಿಗೆ ಎಷ್ಟು ಕೈ ಅಂತ?

ಪಿಪೆಟ್ ಮೇಷ್ಟ್ರು

ಅದೇ ಲೆಕ್ಕ.

ಬೆಟಗೇರಿ ಅವ್ವ

ಮೇಷ್ಟ್ರೇ, ಕೇಳಿದೆ.

ನಿನ್ನೆ ರಾತ್ರಿ ನಾನು ರೊಟ್ಟಿ ಬಡಿಯುತ್ತಿದ್ದೆ, ಅವಳು ಬೇಯಿಸುತ್ತಿದ್ದಳು. ಮುಖ ನೋಡದೆ ಮಾತಾಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಪ್ರಾಕ್ಟಿಕಲ್‌ನಲ್ಲಿ ಬ್ಯುರೆಟ್ ಯಾರು ಹಿಡೀತಿದ್ದರು ಅಂದೆ. ಒದ್ದೆ ಬಟ್ಟೆಯಿಂದ ರೊಟ್ಟಿಯ ಹಿಟ್ಟು ಒರೆಸುತ್ತಿದ್ದವಳು ಕೈ ನಿಲ್ಲಿಸಿದಳು. "ನಿನಗ ಯಾರು ಹೇಳಿದರು?" ಅಂದಳು.

ಗುಂಪಿನಲ್ಲಿ ನಾಲ್ವರು. ಇಬ್ಬರು ಹುಡುಗರು, ಇವಳು, ಇನ್ನೊಬ್ಬಳು. "ನಿನ್ನ ಅಕ್ಷರ ಚಂದ ಅದಾವ, ನೀನೇ ಬರಿ" ಅಂತ ಮೊದಲ ದಿನ ಒಬ್ಬ ಹೇಳಿದನಂತೆ. ಇವಳಿಗೆ ಖುಷಿಯೇ ಆಯಿತಂತೆ. ಎರಡು ವರ್ಷ ಬರೆದಳು. ಅಂತಿಮ ಪ್ರಾಕ್ಟಿಕಲ್ ಪರೀಕ್ಷೆಗೆ ಹದಿನೈದು ದಿನ ಇದ್ದಾಗ ಹೆದರಿಕೆ ಹುಟ್ಟಿ, ನನಗೂ ಒಂದು ಸಲ ಕೊಡ್ರೋ ಅಂದಳಂತೆ. ಪರ್ಮಾಂಗನೇಟ್ ಜೋರಾಗಿ ಬಿಟ್ಟುಕೊಂಡು ಫ್ಲಾಸ್ಕೆಲ್ಲ ಕಡು ಗುಲಾಬಿ. ಹುಡುಗರು ನಕ್ಕರು. ಕೆಟ್ಟ ಹುಡುಗರಲ್ಲ ಅವ್ವಾ, ಸುಮ್ನೆ ನಕ್ಕರು ಅಂತ ಅವಳೇ ವಕಾಲತ್ತು ಮಾಡಿದಳು. ಆವತ್ತಿನಿಂದ ಕ್ಲಾಸಿನಲ್ಲಿ ಕೈ ಎತ್ತುವುದನ್ನೂ ಬಿಟ್ಟಳಂತೆ. ಪರೀಕ್ಷೆಯಲ್ಲಿ ಮೂವತ್ತಕ್ಕೆ ಇಪ್ಪತ್ತೇಳು ಬಂತು. ಅದು ರೆಕಾರ್ಡಿಗೆ ಬಂದ ಮಾರ್ಕ್ಸ್ ಅವ್ವಾ, ಕೈಗೆ ಬಂದದ್ದಲ್ಲ ಅಂದಳು.

ಹೇಳುತ್ತಾ ಒಂದು ರೊಟ್ಟಿ ಸುಟ್ಟಳು. ಅದನ್ನು ನಾನೇ ತಿಂದೆ.

ಸವಣೂರಿನ ತಂಗಿ ಕೇಳಿದ್ದಕ್ಕೂ ಉತ್ತರ ಬರೆಯಬೇಕು. ನನ್ನ ಹೆದರಿಕೆ ಕಾಲೇಜಿನಿಂದ ಬಂದದ್ದಲ್ಲ ಅಂತ ಈಗ ಅನ್ನಿಸುತ್ತಿದೆ. ಆದರೆ ಅಲ್ಲಿ ಹೋಗಲೂ ಇಲ್ಲ. ಐದು ವರ್ಷ ಅದನ್ನು ಜೋಪಾನವಾಗಿ ಕಾಪಾಡಿ ಕೊಟ್ಟರು. ಹಾಗಾಗಿ ನನ್ನ ಅನುಮಾನ ಪೂರ್ತಿ ಹೋಗಿಲ್ಲ.

ಶುಕ್ರವಾರ ರಜೆ ಹಾಕಿದ್ದೇನೆ. ಎರಡು ಕಾಲೇಜು ನೋಡಿ ಬರುತ್ತೇವೆ. ಅವಳ ಮಹಿಳಾ ಕಾಲೇಜು, ನನ್ನ ಮನಸ್ಸಿನಲ್ಲಿರುವ ಕೋ-ಎಜುಕೇಶನ್ ಒಂದು.

ಹೊಸೂರ ಕ್ರಾಸ್

ಗದಗಿನಲ್ಲೇ ಜೆ.ಟಿ. ಕಾಲೇಜಿದೆ, ಬಿಎಸ್ಸಿಗೆ 58 ಕಿಲೋಮೀಟರ್ ಯಾಕೆ ಅಂತ ಕೇಳಬೇಕು ಅಂದುಕೊಂಡಿದ್ದೆ. ಈಗ ಕೇಳುವುದಿಲ್ಲ. ಆ ನಾಲ್ವರ ಗುಂಪಿನಿಂದ ದೂರ ಹೋಗಬೇಕು ಅವಳಿಗೆ.

ಓಡಾಟದ ಲೆಕ್ಕ ಹೇಳುತ್ತೇನೆ. ಗದಗ-ಹುಬ್ಬಳ್ಳಿ ನಮ್ಮ ವಾಯವ್ಯ ಸಾರಿಗೆಯ ಸಾದಾ ಬಸ್ಸಿಗೆ ಶಕ್ತಿ ಯೋಜನೆ ಇದೆ, 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸೊನ್ನೆ ಟಿಕೆಟ್. ಆಧಾರ್ ಇಟ್ಟುಕೊಂಡಿರಲಿ. ಧಾರವಾಡದ ಕಾಲೇಜು ಅಂತಾದರೆ ಚಿಗರಿ ಬಸ್ಸು ಬೇಗ ಹೋಗುತ್ತದೆ, ಆದರೆ ಅದು ಎಸಿ, ಅದಕ್ಕೆ ಶಕ್ತಿ ನಡೆಯುವುದಿಲ್ಲ, ಕಾಸು ಕೊಡಬೇಕು. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ ಗದ್ದಲಕ್ಕೆ ಅರ್ಧ ತಾಸು ಬೇರೆ ಹಿಡಿದುಕೊಳ್ಳಿ.

ಎರಡನೇ ಬೆಂಚು

ಹಾಸ್ಟೆಲ್ ಬೇಕಿದ್ದರೆ ಬಿಸಿಎಂ (ಹಿಂದುಳಿದ ವರ್ಗಗಳ ಇಲಾಖೆಯ) ಹಾಸ್ಟೆಲ್ಲಿಗೆ ಅರ್ಜಿ ಹಾಕಿ. ಸಿಗದಿದ್ದರೆ ವಿದ್ಯಾಸಿರಿ ಕೇಳಿ, ಹಾಸ್ಟೆಲ್ ಸಿಗದವರಿಗೆ ಊಟ, ವಸತಿಗೆ ಕೊಡುವ ಸರ್ಕಾರಿ ನೆರವು ಅದು. ಸರ್ಕಾರಿ ಶಾಲೆ, ಸರ್ಕಾರಿ ಪಿಯುದಲ್ಲೇ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ಇದೆ, ವರ್ಷಕ್ಕೆ 30,000 ರೂಪಾಯಿ. ಅದಕ್ಕೆ ಮಹಿಳಾ ಕಾಲೇಜೇ ಆಗಬೇಕು ಅಂತ ಏನಿಲ್ಲ.

ಬೆಟಗೇರಿ ಅವ್ವ

ಅವಳದು ಅನುದಾನಿತ ಪಿಯು, ಹಾಗಾಗಿ ಅದು ನಮಗಿಲ್ಲ. ಓದುವ ಬೇರೆಯವರಿಗೆ ಉಪಯೋಗ ಆಗಲಿ.

ಸಪ್ತಾಪುರ ಪಿಜಿ

ಹೋದಾಗ ಪ್ರಿನ್ಸಿಪಾಲರ ಕೋಣೆಯಲ್ಲಿ ಜಾಸ್ತಿ ಹೊತ್ತು ಕೂರಬೇಡಿ. ಅಲ್ಲಿ ಎಲ್ಲ ಕಾಲೇಜೂ ಚೆನ್ನಾಗಿರುತ್ತದೆ. ಟಾಯ್ಲೆಟ್ ನೋಡಿ, ನೀರು ಬರುತ್ತದೋ ನೋಡಿ. ಲೈಬ್ರರಿಯಲ್ಲಿ ಪುಸ್ತಕ ಕಪಾಟಿನಲ್ಲಿ ಬೀಗದೊಳಗಿದೆಯೋ, ಕೈಗೆ ಸಿಗುತ್ತದೋ ನೋಡಿ. ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯವರ ಹೆಸರು ನೋಟಿಸ್ ಬೋರ್ಡಿನಲ್ಲಿ ಇದೆಯೋ ನೋಡಿ, ಮಹಿಳಾ ಕಾಲೇಜಿನಲ್ಲೂ ಅದು ಇರಬೇಕು. ಆಮೇಲೆ ನೀವು ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ ಕೂತುಬಿಡಿ. ಅವಳನ್ನು ಒಬ್ಬಳೇ ತಿರುಗಾಡಲು ಬಿಡಿ.

ಬೆಟಗೇರಿ ಅವ್ವ (ಶನಿವಾರ)

ಹೋಗಿ ಬಂದೆವು. ಉದ್ದ ಬರೆಯುತ್ತಿದ್ದೇನೆ, ಕ್ಷಮಿಸಿ.

ಮೊದಲು ಕೋ-ಎಜುಕೇಶನ್ ಕಾಲೇಜು. ಲ್ಯಾಬ್ ನೋಡಿ ನನಗೇ ಬಿಎಸ್ಸಿ ಮಾಡಬೇಕು ಅನ್ನಿಸಿತು. ಇಬ್ಬರಿಗೆ ಒಂದು ಬ್ಯುರೆಟ್. ಹೊಸ ಬೆಂಚು, ಹೊಸ ಸಿಂಕು. ಇನ್ನೊಂದು ಆಶ್ಚರ್ಯ, ಬಿಎಸ್ಸಿ ಕ್ಲಾಸಿನಲ್ಲಿ ನೋಡಿದರೆ ಹುಡುಗಿಯರೇ ತುಂಬಿದ್ದಾರೆ. ಹುಡುಗರು ಎಣಿಸಿದರೆ ಹತ್ತು ಹನ್ನೆರಡು. ಉಳಿದವರೆಲ್ಲ ಎಂಜಿನಿಯರಿಂಗಿಗೆ ಹೋದರು ಅಂದರು ಅಲ್ಲಿಯ ಮೇಡಂ. ಇದು ಹೆಸರಿಗೆ ಕೋ-ಎಜುಕೇಶನ್, ನಡೆಯುವುದು ಮಹಿಳಾ ಕಾಲೇಜಿನ ಹಾಗೇ ಅಂತ ಮಗಳ ಕಿವಿಯಲ್ಲಿ ಹೇಳಿದೆ. ಗೆದ್ದೆ ಅಂದುಕೊಂಡೆ. ಅವಳು ಏನೂ ಹೇಳಲಿಲ್ಲ.

ಆಮೇಲೆ ಮಹಿಳಾ ಕಾಲೇಜು. ಕಟ್ಟಡ ಹಳೆಯದು. ಕೆಮಿಸ್ಟ್ರಿಗೆ ಕಾಯಂ ಇರುವವರು ಒಬ್ಬರೇ, ಉಳಿದವರು ಅತಿಥಿಗಳು. ಬ್ಯುರೆಟ್ಟಿಗೆ ಮೂವರು. ಒಂದು ತೂಕದ ಮಷಿನ್ ಕೆಟ್ಟು ಮೂಲೆ ಸೇರಿದೆ, ಮೇಲೆ ಪ್ಲಾಸ್ಟಿಕ್ ಹೊದಿಸಿದ್ದಾರೆ. ಪಿಸಿಎಂ ಇದೆ, ಅಷ್ಟು ಸಾಕು ಅಂದಳು ಮಗಳು. ಲೈಬ್ರರಿ ಕಪಾಟುಗಳಿಗೆ ಬೀಗ ಇರಲಿಲ್ಲ. ಟಾಯ್ಲೆಟ್ಟಿನಲ್ಲಿ ನೀರಿತ್ತು, ಒಂದು ಚಿಲಕ ಮುರಿದಿತ್ತು. ಸಮಿತಿಯವರ ಹೆಸರು ಬೋರ್ಡಿನಲ್ಲಿತ್ತು, ಅದರಲ್ಲಿ ಒಬ್ಬರು ವರ್ಗ ಆಗಿ ಹೋಗಿದ್ದಾರಂತೆ.

ಲ್ಯಾಬಿನಲ್ಲಿ ಫೈನಲ್ ಇಯರ್ ಹುಡುಗಿ ಒಬ್ಬಳು ಇದ್ದಳು. ಲಕ್ಷ್ಮೇಶ್ವರದ ಕಡೆಯವಳು. ಎಪ್ರನ್ ಮೇಲೆ ಕಂದು ಕಲೆಗಳು. ಇವಳನ್ನು ನೋಡಿ, ಏನವ್ವಾ ಸೇರ್ತೀಯೇನು ಅಂದಳು. ಹೆಸರು ಕೇಳಲಿಲ್ಲ, ಪರ್ಸೆಂಟ್ ಕೇಳಲಿಲ್ಲ. ಸ್ಟ್ಯಾಂಡಿಗೆ ಸಿಕ್ಕಿಸಿದ್ದ ಬ್ಯುರೆಟ್ ತೋರಿಸಿ, "ಇದರಾಗ ಪರ್ಮಾಂಗನೇಟ್ ಅದ. ರೀಡಿಂಗ್ ಕೆಳಗಿನ ಅಂಚಿಗೋ ಮೇಲಿನ ಅಂಚಿಗೋ?" ಅಂತ ಕೇಳಿದಳು. ನನಗಂತೂ ಅಂಚು ಅಂದರೆ ಸೀರೆಯದು ಮಾತ್ರ ಗೊತ್ತು. ನಮ್ಮವಳು ಮೇಲಿನದಕ್ಕೆ, ಬಣ್ಣ ಕಡು ಇರ್ತದಲ್ಲ, ಕೆಳಗಿನದು ಕಾಣೋದಿಲ್ಲ ಅಂದಳು. ಎರಡು ವರ್ಷ ಬರೆದದ್ದು ದಂಡ ಆಗಿರಲಿಲ್ಲ ನೋಡಿ. ಹಂಗಾದರ ಹಿಡಿ ಅಂತ ಹೇಳಿ ಆ ಹುಡುಗಿ ಪಕ್ಕಕ್ಕೆ ಸರಿದಳು. ಸರಿದು ಮೊಬೈಲ್ ನೋಡುತ್ತಾ ನಿಂತಳು. ನನಗೆ ಅದೇ ದೊಡ್ಡದಾಗಿ ಕಂಡಿತು. ಇವಳ ಕೈಯನ್ನು ಅವಳು ನೋಡುತ್ತಲೇ ಇರಲಿಲ್ಲ.

ಎಡಗೈಯಲ್ಲಿ ನಲ್ಲಿ ತಿರುವುತ್ತಾ ಬಲಗೈಯಲ್ಲಿ ಫ್ಲಾಸ್ಕ್ ಅಲ್ಲಾಡಿಸಿದಳು. ಹನಿ, ಹನಿ. ಒಂದು ಹನಿಗೆ ಬಣ್ಣ ಬಂದು ಹೋಯಿತು. ಇನ್ನೊಂದಕ್ಕೆ ತೆಳುವಾಗಿ ನಿಂತಿತು, ಮಲ್ಲಿಗೆಗೆ ಕುಂಕುಮದ ನೀರು ತಾಗಿದ ಹಾಗೆ. ನಿಲ್ಲಿಸಿದಳು. ಆ ಹುಡುಗಿ ತಲೆ ಎತ್ತಿ ನೋಡಿ, ಹಾಂ ಆತು ಅಂತ ಮತ್ತೆ ಮೊಬೈಲಿಗೆ ಹೋದಳು.

ಹೊರಗೆ ಬಂದು ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ತಿನ್ನುತ್ತಾ ಮಗಳು ಹೇಳಿದಳು. ಆ ಮೊದಲಿನ ಕಾಲೇಜು ಚಂದ ಅದ ಅವ್ವಾ, ಹತ್ತು ಹುಡುಗರು ಅಂದ್ರ ನನಗೇನು ಹೆದರಿಕೆ ಇಲ್ಲ. ಆದರ ಅಲ್ಲಿ ಎಲ್ಲಾನೂ ತೋರಿಸಿದರು, ಯಾರೂ ಹಿಡಿ ಅನ್ನಲಿಲ್ಲ.

ನಾನು ಹೂಂ ಅಂದಿದ್ದೇನೆ. ಆದರೆ ಕಪಾಟಿನ ಹಿಂದೆ ನಿಂತವಳು ನಾನು, ಹಾಗೇ ಬಿಡುವುದಿಲ್ಲ. ಯುಯುಸಿಎಂಎಸ್ (ಡಿಗ್ರಿ ಪ್ರವೇಶದ ಆನ್‌ಲೈನ್ ತಾಣ) ಅರ್ಜಿ, ಬ್ಯಾಂಕ್, ಹಾಸ್ಟೆಲ್, ಸ್ಕಾಲರ್‌ಶಿಪ್ ಎಲ್ಲ ಅವಳೇ ಓಡಾಡಿ ಮಾಡಬೇಕು. ಅಪ್ಪ ಜೊತೆಗೆ ಹೋಗುವ ಹಾಗಿಲ್ಲ. ಕೌಂಟರಿನವರು ನಾಳೆ ಬಾ ಅಂದರೆ ಯಾಕೆ ಅಂತ ಕೇಳಿಕೊಂಡೇ ಬರಬೇಕು. ನಾನೂ ಕೌಂಟರಿನಲ್ಲಿ ಕೂರುವವಳು, ಆ ಪ್ರಶ್ನೆ ಕೇಳಿದರೆ ಎಷ್ಟು ಕೆಲಸ ಆಗುತ್ತದೆ ಅಂತ ಗೊತ್ತು. ಪಾವಟೆ ನಗರಕ್ಕೂ ಅವಳೇ ಹೋಗಿ ಎಂಎಸ್ಸಿ ಸೀಟಿನ ವಿಷಯ ಕೇಳಿ ಬರುತ್ತಾಳೆ, ಮುಂದಿನ ವಾರ.

ಪಿಪೆಟ್ ಮೇಷ್ಟ್ರು

ಕಾಯಂ ಒಬ್ಬರೇ ಅನ್ನುವುದು ನನಗೆ ಸೇರಲಿಲ್ಲ. ಸೆಪ್ಟೆಂಬರಿನಲ್ಲಿ ಪಾಠ ನಡೆಯುತ್ತಿದೆಯೋ ಇಲ್ಲವೋ ಅಂತ ಒಮ್ಮೆ ಕೇಳುತ್ತೇನೆ. ನಡೆಯದಿದ್ದರೆ ಇಲ್ಲಿ ಬರೆಯಿರಿ, ಧಾರವಾಡದಲ್ಲಿ ಭಾನುವಾರ ನನಗೆ ಕೆಲಸವಿಲ್ಲ.

ನಲ್ಲಿ ಎಡಗೈಯಲ್ಲಿ ತಿರುವಿದಳು ಅಂದಿರಿ. ಅದನ್ನು ಯಾರು ಕಲಿಸಿದರು?

ಬೆಟಗೇರಿ ಅವ್ವ

ಯೂಟ್ಯೂಬ್ ಅಂತೆ.

ಬ್ಯಾಡಗಿ ಕಡ್ಡಿ

ನನ್ನ ಮಗಳನ್ನು ಕೇಳಿದೆ. ಒಂದು ಕಂಪ್ಯೂಟರಿಗೆ ನಾಲ್ವರಂತೆ, ಮೌಸ್ ಅವಳ ಕೈಯಲ್ಲೇ ಇರುತ್ತದಂತೆ, ಉಳಿದ ಮೂವರು ಬೈಯುತ್ತಾರಂತೆ. ಬೇರೆಯವರಿಗೂ ಕೊಡು ಅಂತ ಹೇಳಿದೆ. ಪಪ್ಪಾ ನೀವು ಇದನ್ನೆಲ್ಲ ಯಾಕೆ ಕೇಳ್ತೀರಿ ಅಂತ ನಕ್ಕಳು. ಅರ್ಧ ತಾಸು ಮಾತಾಡಿದೆವು.

ಬೆಟಗೇರಿ ಅವ್ವ (ಎರಡು ತಿಂಗಳ ನಂತರ)

ಹಳೆಯ ಚರ್ಚೆ ಮೇಲೆ ತಂದದ್ದಕ್ಕೆ ಕ್ಷಮಿಸಿ. ಮೇಷ್ಟ್ರು ಕೇಳುತ್ತೇನೆ ಅಂದಿದ್ದರು, ಅದಕ್ಕೆ ಬರೆಯುತ್ತಿದ್ದೇನೆ. ಕೆಮಿಸ್ಟ್ರಿ ನಡೆಯುತ್ತಿದೆ, ಫಿಸಿಕ್ಸಿಗೆ ಇನ್ನೂ ಒಬ್ಬರು ಬರಬೇಕು. ಬಿಸಿಎಂ ಹಾಸ್ಟೆಲ್ ಲಿಸ್ಟ್ ಬಂದಿಲ್ಲ, ದಿನಾ ಬೆಳಗ್ಗೆ ಏಳರ ಬಸ್ಸು. ಗದ್ದಲಕ್ಕೆ ದಾರಿಯಲ್ಲಿನ ನಲವಡಿ ಊರಿನವರೆಗೂ ನಿಂತೇ ಹೋಗುತ್ತಾಳಂತೆ.

ಮೊನ್ನೆ ಬಂದು ಅವ್ವಾ 350 ರೂಪಾಯಿ ಬೇಕು ಅಂದಳು. ಯಾಕೆ ಅಂದೆ. ಬ್ಯುರೆಟ್ ಒಡೆದಿದ್ದಾಳೆ.

ಪಿಪೆಟ್ ಮೇಷ್ಟ್ರು

ಪೂರ್ತಿ ಒಡೆಯಿತೋ, ತುದಿ ಮಾತ್ರವೋ? ತುದಿ ಅಥವಾ ನಲ್ಲಿ ಮಾತ್ರ ಆದರೆ ಪೂರ್ತಿ ದುಡ್ಡು ಕಟ್ಟಬೇಡಿ, ಅದನ್ನಷ್ಟೇ ಬದಲಿಸುತ್ತಾರೆ. ಸ್ಟೋರ್ ಕೀಪರ್ ಹತ್ತಿರ ಅವಳಿಗೇ ಹೋಗಿ ಕೇಳಲು ಹೇಳಿ.

ಬೆಟಗೇರಿ ಅವ್ವ

ಕೇಳಿದ್ದಾಳೆ. ಪೂರ್ತಿ ಒಡೆದಿದೆ.